ನಾನೂರ ಹದಿನೇಳನೇ ನಂಬರಿನ ಹಂಡೆ

ಕೇಳ್ರಪ್ಪ, ನಗೋದು ಆಮೇಲೆ, ಮೊದ್ಲು ಕೇಳಿ. ದೊಡ್ಡ ಯುದ್ಧ ಮುಗಿದ ಕಾಲ. ನಮ್ಮೂರ ಮಗ್ಗುಲಲ್ಲಿದ್ದ ಸಿಪಾಯಿಗಳ ಕ್ಯಾಂಪು ಎತ್ತಿದರು. ಉಳಿದ ಸಾಮಾನೆಲ್ಲ ಹರಾಜು! ಬೂಟು, ಕಂಬಳಿ, ಡೇರೆ! ಆಗ ನಮ್ಮೂರಲ್ಲಿ ಗಂಡಸರ ಅಂಗಿಯೂ ಹಸಿರು, ಎತ್ತಿನ ಜೂಲೂ ಹಸಿರು. ಎಂಥ ಕಾಲ ಅದು!

ಹೊಂಬಾಳಮ್ಮ ಅಂತ ಒಬ್ಬಳಿದ್ದಳು. ಗಂಡ ಇಲ್ಲ. ಒಬ್ಬನೇ ಮಗ, ಮುದ್ದೀರ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. "ಇವನನ್ನ ಕಟ್ಟಿಕೊಂಡು ಹೆಂಗಪ್ಪಾ ಬಾಳಲಿ!" ಅಂತ ಹಣೆ ಚಚ್ಚಿಕೊಳ್ಳುತ್ತಲೇ ಹರಾಜಿಗೆ ಹೋಗಿ ಒಂದು ದೊಡ್ಡ ಹಂಡೆ, ಒಂದು ಟಾರ್ಪಾಲು ತಂದಳು. ಟಾರ್ಪಾಲು ಕಟ್ಟಿ, ಹಂಡೆ ಒಲೆಗೇರಿಸಿ, ಗಾಡಿಯವರಿಗೆ ಮುದ್ದೆ ಸಾರು ಹಾಕತೊಡಗಿದಳು. ನಾನೂ ಗಾಡಿ ಹೊಡೆಯೋನು. ದಿನಾ ಅಲ್ಲೇ ಊಟ. ಆ ಹುರುಳಿಸಾರಿನ ಘಮ ಈಗಲೂ ಮೂಗಲ್ಲಿದೆ.

ಒಂದು ದಿನ ತಮಟೆ ಸದ್ದು. "ಕೇಳ್ರಪ್ಪೋ ಕೇಳಿ! ಮಿಲಿಟರಿ ಮಾಲು ಕೊಂಡೋರೆಲ್ಲ ಕೇಳಿ! ಸರ್ಕಾರಕ್ಕೆ ಬೇಕಾದ್ರೆ ಮಾರಿದ ಮಾಲನ್ನೂ ವಾಪಸ್ ಕೇಳ್ತದೆ! ಕೊಂಡ ದುಡ್ಡು ಕೊಡ್ತದೆ, ಮಾಲು ತಗೊಂಡು ಹೋಗ್ತದೆ!"

ಹೊಂಬಾಳಮ್ಮ ಹಂಡೆಗೆ ಅಡ್ಡ ಬಂದು ನಿಂತಳು. "ದುಡ್ಡು ಬೇಯಿಸಿ ತಿನ್ನಕ್ಕಾಗ್ತದಾ? ಇಂಥ ಹಂಡೆ ಇನ್ನೆಲ್ಲಿ ಸಿಗ್ತದೆ? ಮಗಾ, ಜೋಪಾನ! ಕೊಂಡಾಗ ಹೆಂಗಿತ್ತೋ ಹಂಗೇ ಇರಬೇಕು!"

"ಹೂಂ ಕಣವ್ವ!"

ಅವಳು ಸಂತೆಗೆ ಹೋಗಿ ಬರೋ ಹೊತ್ತಿಗೆ ಹಂಡೆ ತುಂಬ ಕೆಸರು ನೀರು. ಒಳಗೊಂದು ಕಪ್ಪೆ!

"ಇದೇನೋ!"

"ಕೊಂಡಾಗ ಹಿಂಗೇ ಇತ್ತಲ್ಲವ್ವ! ಕಪ್ಪೆ ಮಾತ್ರ ಆಗ ಸ್ವಲ್ಪ ದೊಡ್ಡದಿತ್ತು."

"ಅಯ್ಯೋ ಪೆದ್ದೇ! ಕಪ್ಪೆ ಯಾರಿಗೆ ಬೇಕೋ! ಇನ್ನು ಮೇಲೆ ಸರ್ಕಾರದ ಚೀಟಿ ತೋರಿಸದೆ ಇಲ್ಲಿಂದ ಯಾರಿಗೂ ಏನೂ ಕೊಡಬೇಡ!"

"ಹೂಂ ಕಣವ್ವ!"

ಮಾರನೆಯ ದಿನ ನಾವು ಗಾಡಿಯವರು ಹಸಿದು ಬಂದೆವು. "ಮುದ್ದೀರ, ಒಂದು ಮುದ್ದೆ ಹಾಕೋ!"

"ಚೀಟಿ ಎಲ್ಲಿ?"

"ಮುದ್ದೆಗೆ ಯಾವ ಚೀಟಿಯೋ!"

"ಸರ್ಕಾರದ್ದು!"

ಕೊಡಲೇ ಇಲ್ಲ ಪುಣ್ಯಾತ್ಮ! ಹೊಂಬಾಳಮ್ಮ ನೀರು ಹೊತ್ತು ಬಂದವಳು ಕೊಡ ಇಳಿಸಿ ಬೈದಳು. "ಊಟಕ್ಕೆ ಬಂದೋರನ್ನ ಚೀಟಿ ಕೇಳ್ತಾರೇನೋ! ಖಾಕಿ ಬಟ್ಟೆಯೋರು ಬಂದ್ರೆ ಕೇಳು. ಚೀಟಿ ಕೊಟ್ರೆ ಮಾಲು ಕೊಡು!"

"ಹೂಂ ಕಣವ್ವ!"

ಖಾಕಿ ಬಟ್ಟೆಯವರು ಬಂದೇ ಬಂದರು. ಯಾರು? ಟಪಾಲಿನ ಸುಬ್ಬಣಾಚಾರಿ! ಹೊಂಬಾಳಮ್ಮನ ತಂಗಿ ಬರೆಸಿದ್ದ ಒಂದು ಕಾರ್ಡು ಕೈಗಿಟ್ಟರು. ಮುದ್ದೀರ ಸರಸರನೆ ಟಾರ್ಪಾಲು ಬಿಚ್ಚಿ ಅವರ ಸೈಕಲ್ಲಿಗೆ ಬಿಗಿದುಬಿಟ್ಟ!

"ನನಗ್ಯಾಕಪ್ಪಾ ಇದು?"

"ಚೀಟಿ ಕೊಟ್ರಲ್ಲ ಸ್ವಾಮಿ, ತಗೊಂಡು ಹೋಗಿ!"

ಆಚಾರಿ ನಗುತ್ತ ಬಿಚ್ಚಿಕೊಟ್ಟು ಹೋದರು. ಟಾರ್ಪಾಲು ಮತ್ತೆ ಕಟ್ಟೋವರೆಗೂ ನಾವು ಬಿಸಿಲಲ್ಲಿ ಕೂತು ಉಂಡೆವು. "ಅಯ್ಯೋ ಮುಠ್ಠಾಳ!" ಅಂದಳು ತಾಯಿ. "ಹಂಡೆಯ ಕಂಠದ ಮೇಲೆ ನಂಬರು ಕೊರೆದೈತೆ ನೋಡು, ನಾನೂರ ಹದಿನೇಳು. ಟಾರ್ಪಾಲಿನ ಅಂಚಿಗೂ ಒಂದು ನಂಬರೈತೆ. ಅವರು ಯಾವ ನಂಬರು ಕೇಳ್ತಾರೋ ಅದನ್ನ ಮಾತ್ರ ಕೊಡು! ಬೇರೆ ಏನೂ ಕೊಡಬೇಡ!"

"ಹೂಂ ಕಣವ್ವ!"

ಎಂಟು ದಿನಕ್ಕೆ ಜೀಪು ಬಂತು. ನಿಜವಾದ ಸಾಹೇಬರು ಇಳಿದು ಕಾಗದ ಓದಿದರು: "ನಂಬರು ನಾನೂರ ಹದಿನೇಳು. ಸರ್ಕಾರಕ್ಕೆ ವಾಪಸ್ ಬೇಕಾಗಿದೆ."

ಹೊಂಬಾಳಮ್ಮ ಸೆರಗು ಬಾಯಿಗೊತ್ತಿಕೊಂಡು ಒಲೆಯ ಪಕ್ಕ ಕೂತಳು. ಉಣ್ಣುತ್ತಿದ್ದ ನಾವೆಲ್ಲ ಎದ್ದು ನಿಂತೆವು.

ಮುದ್ದೀರ ಸಾರನ್ನೆಲ್ಲ ಬೇರೆ ಪಾತ್ರೆಗೆ ಬಗ್ಗಿಸಿದ. ಉಳಿ ತಂದ, ಸುತ್ತಿಗೆ ತಂದ. ಠಣ್! ಠಣ್! ಠಣ್! ಹಂಡೆಯ ಕಂಠದಿಂದ ಮೂರು ಬೆರಳಗಲದ ಚೂರು ಕಿತ್ತು, ಪಂಚೆಗೆ ಒರೆಸಿ, ಎರಡೂ ಕೈಯಲ್ಲಿ ಸಾಹೇಬರಿಗೆ ಒಪ್ಪಿಸಿದ.

"ತಗೊಳ್ಳಿ ಸ್ವಾಮಿ, ನಾನೂರ ಹದಿನೇಳು!"

ಸಾಹೇಬರು ಚೂರು ನೋಡಿದರು, ಹಂಡೆ ನೋಡಿದರು, ಮುದ್ದೀರನ ಮುಖ ನೋಡಿದರು. "ತೂತು ಬಿದ್ದ ಮಾಲು ಸರ್ಕಾರಕ್ಕೆ ಬೇಡವಪ್ಪಾ" ಅಂದು ಕಾಗದದಲ್ಲಿ ಆ ನಂಬರು ಹೊಡೆದುಹಾಕಿ ಜೀಪು ಹತ್ತಿದರು.

ಹೊಂಬಾಳಮ್ಮ ಬೈಯಲು ಬಾಯಿ ತೆರೆದಳು. ತೂತು ಬಿದ್ದಿದ್ದು ಕಂಠದಲ್ಲಿ ತಾನೇ, ಸಾರು ನಿಲ್ಲೋ ತಳ ಗಟ್ಟಿ; ಹಂಡೆ ಉಳೀತು! ಮಗನನ್ನು ಕೂರಿಸಿ ದೊಡ್ಡ ಮುದ್ದೆ ಇಟ್ಟು, ತಲೆ ಸವರಿದಳು.

ಮುದ್ದೀರ ತಲೆಯೆತ್ತಿ ಕೇಳಿದ: "ಅವ್ವಾ, ಸಾಹೇಬರು ಇನ್ನೂ ದೂರ ಹೋಗಿಲ್ಲ. ಟಾರ್ಪಾಲಿನ ನಂಬರನ್ನೂ ಕತ್ತರಿಸಿ ಕೊಟ್ಟು ಬರಲಾ?"