ಅಡ್ಡಿಯಿಲ್ಲ ಎಂದ ಮುದುಕಿ

“ಗುರುಗಳೇ, ಏದುಸಿರು ಬಿಡುತ್ತ ನಾಲ್ಕು ಜನ ಒಟ್ಟಿಗೆ ಬಂದರೆ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು?” ಎಂದು ಮಠದ ಆಸ್ಪತ್ರೆಯ ಬಾಗಿಲಲ್ಲಿ ರೋಗಿಗಳನ್ನು ನೋಡುತ್ತಿದ್ದ ಶಿಷ್ಯ ಚನ್ನವೀರ ಕೇಳಿದ. “ಅಳುವ ಮಗುವಿಗೇ ಹಾಲು ಎನ್ನುತ್ತಾರೆ. ನಾನು ಹೆಚ್ಚು ನರಳುವವರನ್ನೇ ಮೊದಲು ಒಳಗೆ ಕರೆಯುತ್ತೇನೆ.”

ಗುರು ಒಂದು ಕತೆ ಹೇಳಿದರು.

ಒಂದು ಊರಿನ ಧರ್ಮಾಸ್ಪತ್ರೆಯಲ್ಲಿ ಒಬ್ಬ ವೈದ್ಯನಿದ್ದ. ಓದಿದವನು, ಕೈಗುಣವಿದ್ದವನು, ಪುರಸೊತ್ತು ಮಾತ್ರ ಇರಲಿಲ್ಲ. ಒಂದು ಸಂಜೆ ಅವನ ಬಳಿಗೆ ಒಬ್ಬ ಎಣ್ಣೆ ವ್ಯಾಪಾರಿಯೂ ಕಂಬಳಿ ನೇಯುವ ಒಬ್ಬ ಮುದುಕಿಯೂ ಬಂದರು. ಇಬ್ಬರದೂ ಒಂದೇ ರೋಗ. ಹೃದಯ ಸೋತು ಕಾಲಿಗೆ ನೀರು ತುಂಬಿ ಏದುಸಿರು ಬರುತ್ತಿತ್ತು. ಖಾಲಿ ಇದ್ದದ್ದು ಒಂದೇ ಮಂಚ.

ವೈದ್ಯ ಇಬ್ಬರಿಗೂ ಮೈಯ ನೀರು ಹೊರಹೋಗುವ ಔಷಧ ಕೊಟ್ಟ. ಸ್ವಲ್ಪ ಹೊತ್ತಿಗೆ ಇಬ್ಬರ ಉಸಿರೂ ಕೊಂಚ ಹಗುರಾಯಿತು. ಆದರೂ ವ್ಯಾಪಾರಿ “ಸತ್ತೆ, ಸತ್ತೆ” ಎಂದು ಊರು ಒಂದು ಮಾಡುತ್ತಿದ್ದ. ಮುದುಕಿ ಗೋಡೆಗೆ ಒರಗಿ ಕೂತಿದ್ದಳು.

“ಹ್ಯಾಂಗದೀಯವಾ?” ಎಂದು ವೈದ್ಯ ಕೇಳಿದ.

“ಅಡ್ಡಿಯಿಲ್ರೀ,” ಎಂದಳು ಮುದುಕಿ.

ಆ ಸೀಮೆಯ ಜನ ಹಾಗೆಯೇ. ಮನೆ ಬಿದ್ದರೂ ಅಡ್ಡಿಯಿಲ್ಲ, ಮಗ ಸತ್ತರೂ ಅಡ್ಡಿಯಿಲ್ಲ. ವೈದ್ಯನೂ ಆ ಸೀಮೆಯವನೇ, ದಿನವೂ ಅದೇ ಮಾತು ಆಡುವವನೇ. ಆದರೂ ಅಂದು ಅದನ್ನು ನಂಬಿದ. ನಂಬಿದರೆ ಅವನ ಕೆಲಸ ಹಗುರಾಗುತ್ತಿತ್ತು. ಆಕೆಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡಲಿಲ್ಲ. ರಾತ್ರಿ ಅಂಗಾತ ಮಲಗಲು ಆಗುತ್ತದೆಯೇ ಎಂದು ಜೊತೆಗೆ ಬಂದ ಸೊಸೆಯನ್ನೂ ಕೇಳಲಿಲ್ಲ.

ಮಂಚ ವ್ಯಾಪಾರಿಗೆ ಸಿಕ್ಕಿತು. ಅವನು ಅಂಗಾತ ಮಲಗಿ ಬೆಳಗಿನವರೆಗೆ ಗೊರಕೆ ಹೊಡೆದ. ಮುದುಕಿ ಸೊಸೆಯ ಹೆಗಲು ಹಿಡಿದು ಮನೆಗೆ ಹೋದಳು.

ಬೆಳಗ್ಗೆ ಸೊಸೆ ಎದ್ದಾಗ ಅತ್ತೆ ಗೋಡೆಗೆ ಒರಗಿ ಕೂತೇ ಇದ್ದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಒಂದು ತಿಂಗಳಿಂದ ಆಕೆ ಕೂತೇ ನಿದ್ದೆ ಮಾಡುತ್ತಿದ್ದಳು. ಅದಕ್ಕೇ ಸೊಸೆ ಎಬ್ಬಿಸಲಿಲ್ಲ. ರೊಟ್ಟಿ ಬಡಿದು ಮುಗಿಸಿ, ಬಿಸಿ ರೊಟ್ಟಿ ಮುಂದಿಟ್ಟು ಕೈ ಮುಟ್ಟಿದಳು. ಕೈ ತಣ್ಣಗಿತ್ತು.

ಸೊಸೆ ಆಸ್ಪತ್ರೆಗೆ ಬಂದು ಸುದ್ದಿ ಹೇಳಿದಾಗ ವೈದ್ಯ ಬೇರೊಬ್ಬರ ನಾಡಿ ಹಿಡಿದಿದ್ದ. “ಅಡ್ಡಿಯಿಲ್ಲ ಅಂತ ಆಕೀನ ಅಂದಳಲ್ಲವಾ,” ಎಂದ. ಸೊಸೆ ಹೌದೆಂದು ತಲೆಯಾಡಿಸಿದಳು. ಅವಳೂ ಅದೇ ಸೀಮೆಯವಳು. ಆ ಹೊತ್ತಿಗೆ ವ್ಯಾಪಾರಿ ಉಪ್ಪಿಟ್ಟಿಗೆ ಉಪ್ಪು ಕಡಿಮೆಯೆಂದು ಒಳಗೆ ಜಗಳ ತೆಗೆದಿದ್ದ.

ಕತೆ ಕೇಳಿ ಚನ್ನವೀರನಿಗೆ ಸಿಟ್ಟು ಬಂತು. “ಪ್ರಾಣ ಹೋಗುವಂತಿದ್ದರೆ ಆ ಮುದುಕಿ ಒಮ್ಮೆಯಾದರೂ ಕೂಗಬಾರದಿತ್ತೇ?” ಎಂದ.

“ಕೂಗುವಷ್ಟು ಉಸಿರಿದ್ದರೆ ಆಕೆ ನಿನ್ನ ಬಾಗಿಲಿಗೆ ಏಕೆ ಬರುತ್ತಿದ್ದಳು?” ಎಂದರು ಗುರು.