ಖಾಲಿ ಹೋಗಬಾರದ ಬೋಗುಣಿ

ಒಂದಾನೊಂದು ಊರಿನಲ್ಲಿ, ಅಂದರೆ ದಾರಿ ಕೇಳಿಕೊಂಡು ಹೊರಟರೆ ಸಿಗದ, ದಾರಿ ತಪ್ಪಿದರೆ ಮಾತ್ರ ಸಿಗುವ ಒಂದು ಊರಿನಲ್ಲಿ, ಒಬ್ಬ ಅರಸನಿದ್ದ. ಅವನಿಗೆ ಇದ್ದದ್ದು ಬೇಡ, ಇಲ್ಲದ್ದೇ ಬೇಕು. ಬೇಸಗೆಯಲ್ಲಿ ಅವರೆಕಾಯಿ ಕೇಳುವನು. ಮಳೆ ಹುಯ್ಯುವಾಗ ಕಲ್ಲಂಗಡಿ ಕೇಳುವನು. ಪೇಟೆಗೆ ಮಾವು ಬಂದ ದಿನ ಮೂಗು ಮುಚ್ಚಿಕೊಂಡು, "ಇದನ್ನ ಊರವರೆಲ್ಲ ತಿಂತಾರಲ್ಲ, ನಾನ್ಯಾಕೆ ತಿನ್ನಲಿ?" ಅನ್ನುವನು.

ಅವನ ಅಡುಗೆಮನೆಯಲ್ಲಿ ಚನ್ನಾಜಮ್ಮ ಅಂತ ಅಡುಗೆಯವಳು. ಜೊತೆಗೆ ಅವಳ ಅತ್ತೆ ದೇವೀರಮ್ಮ. ಚನ್ನಾಜಮ್ಮನ ಗಂಡ ಎಂದೋ ತೀರಿಕೊಂಡಿದ್ದ. ಒಲೆಯ ಪಕ್ಕದ ಕೋಣೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಜಗಳ ಆಡೋಣ ಅಂದರೆ ಮೂರನೆಯವರಿಲ್ಲ. ಹಾಗಾಗಿ ಒಬ್ಬರನ್ನೊಬ್ಬರು ಬಹಳ ಜೋಪಾನ ಮಾಡುತ್ತಿದ್ದರು. ಸೊಸೆ ಸಾರು ಬಡಿಸಿದರೆ ಅತ್ತೆ, "ಕೈ ತೊಳೆದ ನೀರಿಗೆ ಒಗ್ಗರಣೆ ಹಾಕಿದ್ಯೇನೇ?" ಅನ್ನುವಳು. ಅಂದು, ಇನ್ನೊಂದು ಸೌಟು ಹಾಕಿಸಿಕೊಳ್ಳುವಳು. ಅತ್ತೆಯ ಉಪ್ಪಿನಕಾಯಿ ಜಾಡಿ ಅಟ್ಟದ ಮೇಲಿತ್ತು. ಅದನ್ನು ಸೊಸೆ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮಣಿಕಟ್ಟಿನ ಮೇಲೆ ಸೌಟಿನಿಂದ ಪಟ್ ಅಂತ ಒಂದು ಏಟು.

ಆ ವರ್ಷ ಅವರೆಕಾಯಿ ಕಾಲ ಬಂತು. ಬೀದಿ ತುಂಬ ಸೊಗಡು. ಕಾಯಿ ಸುಲಿದು ಸುಲಿದು ಊರಿನ ಹೆಂಗಸರ ಬೆರಳ ತುದಿಯೆಲ್ಲ ಕಪ್ಪು. ಅರಸ ಎಲೆಯ ಮುಂದೆ ಕೂತು, ಹಿತುಕಿದ ಬೇಳೆ ಸಾರನ್ನು ಪಕ್ಕಕ್ಕೆ ತಳ್ಳಿ, "ಹಲಸಿನ ಹಣ್ಣು" ಅಂದ.

"ಮಹಾಸ್ವಾಮಿ, ಹಲಸಿನ ಮರ ಇನ್ನೂ ನಿದ್ದೆಯಲ್ಲಿದೆ" ಅಂದಳು ಚನ್ನಾಜಮ್ಮ.

"ಎಬ್ಬಿಸು."

ಇಲ್ಲಿಯವರೆಗೆ ಅವಳು ಹೇಗೋ ಸುಧಾರಿಸಿದ್ದಳು. ಬೂದುಗುಂಬಳಕ್ಕೆ ಬೆಲ್ಲ ಹಾಕಿ ಕಲ್ಲಂಗಡಿ ಅಂತ ನಂಬಿಸಿದ್ದಳು. ಆದರೆ ಹಲಸಿನ ವಾಸನೆಗೆ ಸುಳ್ಳು ಹೇಳಿಸುವುದು ಯಾರಿಂದ ಸಾಧ್ಯ?

"ನಾಳೆ ಎಲೆಯ ಮೇಲೆ ಹಲಸಿನ ತೊಳೆ ಇಲ್ಲದಿದ್ದರೆ ನಿನ್ನ ಒಲೆಗೆ ನೀರು ಹುಯ್ಯಿಸುತ್ತೇನೆ" ಅಂದ ಅರಸ. "ಅತ್ತೆಯನ್ನು ಮೂಡಲಿಗೆ ಅಟ್ಟುತ್ತೇನೆ, ನಿನ್ನನ್ನು ಪಡುವಲಿಗೆ."

ಚನ್ನಾಜಮ್ಮ ತಳ್ಳಿದ ಸಾರನ್ನು ಎತ್ತಿಕೊಂಡು ಒಳಗೆ ಬಂದಳು. ಒಲೆ ಹೋದರೆ ಹೋಗಲಿ. ಪಡುವಲಲ್ಲಿ ಅವಳನ್ನು ಬೈಯುವವರು ಯಾರಿದ್ದಾರೆ?

ಮಾರನೆಯ ದಿನ ಮಟಮಟ ಮಧ್ಯಾಹ್ನ. ಹೊರಗೆ ಬಿಸಿಲಿತ್ತು, ಚಳಿಯೂ ಇತ್ತು. ಅತ್ತೆ ಎಲೆಯಡಿಕೆ ಕುಟ್ಟುತ್ತಿದ್ದಳು. ಚನ್ನಾಜಮ್ಮ ಉರಿಯದ ಒಲೆಯ ಮುಂದೆ ಕೂತಿದ್ದಳು. ಆಗ ಹಿಂದಿನ ಗೋಡೆ ಟಕ್ ಟಕ್ ಅಂದಿತು.

ಗೋಡೆಯಲ್ಲಿ ಒಂದು ಕಿಂಡಿ ಇತ್ತು. ನಿನ್ನೆ ಇರಲಿಲ್ಲ. ಕಿಂಡಿಯಿಂದ ಒಂದು ಕೈ ಒಳಗೆ ಬಂತು. ಹೆಂಗಸಿನ ಕೈ. ತುಂಬ ಬಳೆ ತೊಟ್ಟಿತ್ತು, ಬಳೆ ಸದ್ದು ಮಾಡುತ್ತಿರಲಿಲ್ಲ. ಚನ್ನಾಜಮ್ಮ ಶಾಲು ಹೊದ್ದು ನಡುಗುತ್ತಿದ್ದರೆ ಆ ಕೈ ಮೊಣಕೈತನಕ ಬೆವರಿತ್ತು. ಕೈಯಲ್ಲಿ ಒಂದು ಹಿತ್ತಾಳೆ ಬೋಗುಣಿ. ಬೋಗುಣಿ ತುಂಬ ಹಲಸಿನ ತೊಳೆ.

"ಅಕ್ಕಾ" ಅಂದಿತು ಆಚೆಯ ದನಿ. "ನಮ್ಮಲ್ಲಿ ಹಲಸು ಜಾಸ್ತಿ ಆಯ್ತು. ತಗೊಳ್ಳಿ."

ಚನ್ನಾಜಮ್ಮ ಬೋಗುಣಿ ತೆಗೆದುಕೊಂಡಳು. ಆಮೇಲೆ ಓಡಿಹೋಗಿ ಗೋಡೆಯ ಹಿಂದೆ ನೋಡಿದಳು. ಹಿಂದೆ ಬರೀ ಗೋಡೆ. ಕಿಂಡಿಯಿಲ್ಲ, ಮನೆಯಿಲ್ಲ. ಬುಡದಲ್ಲಿ ತುರಿಚೆ ಗಿಡ ಬೆಳೆದಿತ್ತು. ಯಾರೂ ತುಳಿದಿರಲಿಲ್ಲ.

"ಅತ್ತೆ, ಅಲ್ಲಿ ಯಾರೂ ಇಲ್ಲ!"

"ಯಾರೂ ಇಲ್ಲದಿದ್ರೆ ಹಲಸು ಯಾರು ಬಿಡಿಸಿದ್ರು? ಕೈಗೆ ಎಣ್ಣೆ ಸವರಿಕೊಂಡು ನೀಟಾಗಿ ಬಿಡಿಸಿದಾರೆ. ನಿನಗಿಂತ ವಾಸಿ" ಅಂದಳು ದೇವೀರಮ್ಮ. "ಬೋಗುಣಿ ತೊಳಿ. ಖಾಲಿ ಕಳಿಸಬೇಡ."

"ಅವರು ಯಾರು ಅಂತಲೇ ಗೊತ್ತಿಲ್ವಲ್ಲ, ಅತ್ತೆ."

"ಗೊತ್ತಿರೋರ ಪಾತ್ರೆ ಖಾಲಿ ಕಳಿಸಿದ್ರೆ ಬೈತಾರೆ, ಅಷ್ಟೆ. ಗೊತ್ತಿಲ್ಲದೋರದು ಖಾಲಿ ಹೋದ್ರೆ, ತುಂಬಿಸಿಕೊಳ್ಳೋಕೆ ಪಾತ್ರೆ ತಾನೇ ಬರುತ್ತೆ."

ಹಾಗಾಗಿ ಚನ್ನಾಜಮ್ಮ ಬೋಗುಣಿ ತುಂಬ ಹಿತುಕಿದ ಬೇಳೆ ಸಾರು ಹುಯ್ದು ಕೊಟ್ಟಳು. ಕೈ ತೆಗೆದುಕೊಂಡು ಹೋಯಿತು. ಅರಸ ಹಲಸು ತಿಂದ. ತಿಂದು, "ನಾಳೆ ಮಾವು" ಅಂದ.

ಸಂಜೆ ಚನ್ನಾಜಮ್ಮ ಪೇಟೆಗೆ ಹೋದಳು. ಪೇಟೆಯಲ್ಲಿ ಏನೋ ಕಡಿಮೆಯಾಗಿತ್ತು. ತರಕಾರಿಯ ಸಿದ್ದವ್ವನ ಬುಟ್ಟಿ ಬರಿದು.

"ಅವರೆಕಾಯಿ ಎಲ್ಲಿ, ಸಿದ್ದವ್ವ?"

"ಏನು ಕಾಯಿ?"

"ಅವರೆ. ಅವರೆಕಾಯಿ. ಬೆಳಿಗ್ಗೆ ಗುಡ್ಡೆ ಹಾಕ್ಕೊಂಡು ಕೂತಿದ್ದೆಯಲ್ಲ?"

"ಅಂಥದ್ದೊಂದು ಕಾಯಿ ನಾನು ಕೇಳೇ ಇಲ್ವಲ್ಲ, ತಾಯಿ" ಅಂದಳು ಸಿದ್ದವ್ವ. ಅವಳ ಬೆರಳ ತುದಿ ಮಾತ್ರ ಇನ್ನೂ ಕಪ್ಪಗಿತ್ತು. ಆ ಬೆರಳುಗಳನ್ನು ಅವಳೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಆಗ ಚನ್ನಾಜಮ್ಮನಿಗೆ ಗೊತ್ತಾಯಿತು. ಕಿಂಡಿಯಾಚೆ ಹೋದದ್ದು ಈಚೆಗೆ ಇಲ್ಲ. ಈಚೆಗೆ ಇಲ್ಲದ್ದು ಎಂದೂ ಇರಲಿಲ್ಲ. ತಲೆಗೆ ಮರೆಯುತ್ತದೆ, ಕೈಗೆ ಮರೆಯುವುದಿಲ್ಲ. ಕಿಂಡಿಯ ಮುಂದೆ ನಿಂತು ಕೊಟ್ಟವರಿಗೆ ಮಾತ್ರ ಮರೆವು ತಡವಾಗಿ ಬರುತ್ತದೆ.

ಗೊತ್ತಾದರೆ ಏನು ಮಾಡುವುದು? ಮಾರನೆಯ ಮಧ್ಯಾಹ್ನ ಗೋಡೆ ಟಕ್ ಟಕ್ ಅಂದಿತು. ಬೋಗುಣಿ ಕೊಳಗದಷ್ಟಾಗಿತ್ತು. ಕಿಂಡಿಯೂ ಅದಕ್ಕೆ ತಕ್ಕಂತೆ ಬಾಯಿ ತೆರೆದಿತ್ತು. ಕೊಳಗದ ತುಂಬ ಮಾವು.

"ಅಕ್ಕಾ, ಸಾರು ಚೆನ್ನಾಗಿತ್ತು" ಅಂದಿತು ದನಿ. "ಉಪ್ಪು ಒಂದು ಕಲ್ಲು ಕಡಿಮೆ."

"ನಾನು ಹೇಳಲಿಲ್ವಾ?" ಅಂದಳು ಅತ್ತೆ.

ಮಾವಿಗೆ ಬದಲು ಮೆಂತ್ಯಸೊಪ್ಪಿನ ಕಡುಬು ಹೋಯಿತು. ಊರಲ್ಲಿ ಸೊಪ್ಪಿಲ್ಲ. ಕರಬೂಜಕ್ಕೆ ಬದಲು ಎಳ್ಳುಂಡೆ ಹೋಯಿತು, ಕಬ್ಬು ಹೋಯಿತು, ಕಿತ್ತಳೆ ಹೋಯಿತು. ಊರಲ್ಲಿ ಎಳ್ಳಿಲ್ಲ, ಕಬ್ಬಿಲ್ಲ, ಕಿತ್ತಳೆಯಿಲ್ಲ. ಅರಸ ಮೊಣಕೈತನಕ ರಸ ಸುರಿಸಿಕೊಂಡು, "ಇನ್ನೊಂದು" ಅನ್ನುತ್ತಿದ್ದ. ಮುಂದಿನ ಸಲ ಅಡುಗೆಗೆ ಏನೂ ಸಿಗದೆ ಚನ್ನಾಜಮ್ಮ ಹಿತ್ತಲಿಗೆ ಹೋಗಿ ಬೆಳಗಿನ ಮಂಜನ್ನು ಸೌಟಿನಲ್ಲಿ ತೋಡಿ ತಂದಳು, ಮೇಲಿಷ್ಟು ಜೀರಿಗೆ ಉದುರಿಸಿ ಕೊಟ್ಟಳು. ಮಂಜು ಹೋಯಿತು. ಅದರ ಮುಂದಿನ ಸಲ ಚಳಿಯನ್ನೇ ಕಂಬಳಿಯಲ್ಲಿ ಗಂಟು ಕಟ್ಟಿ, ಬಾಳೆಲೆ ಮುಚ್ಚಿ ಕೊಟ್ಟಳು. ಚಳಿಯೂ ಹೋಯಿತು.

ಈಗ ಊರಿನಲ್ಲಿ ಯಾವ ಕಾಲವೂ ಇರಲಿಲ್ಲ. ಸೆಕೆಯಿಲ್ಲ, ತಂಪಿಲ್ಲ, ಗಾಳಿಯಿಲ್ಲ. ಜನ ಬೀದಿಯಲ್ಲಿ ಶಾಲು ಹಿಡಿದುಕೊಂಡು ನಿಂತಿದ್ದರು, ಅದನ್ನು ಏನು ಮಾಡುವುದು ಅಂತ ಗೊತ್ತಿಲ್ಲದೆ. ಗುಬ್ಬಚ್ಚಿಗಳು ಕಡ್ಡಿ ಕಚ್ಚಿಕೊಂಡು ಗೂಡು ಕಟ್ಟಬೇಕೋ ಬಿಡಬೇಕೋ ತಿಳಿಯದೆ ಸುಮ್ಮನೆ ಕೂತಿದ್ದವು. ಆಕಳಿಸಿದವರ ಬಾಯಿಂದ ಆವಿ ಬರುತ್ತಿರಲಿಲ್ಲ. ಯಾರೂ ಯಾರನ್ನೂ ಊಟ ಆಯ್ತಾ ಅಂತ ಕೇಳುತ್ತಿರಲಿಲ್ಲ.

ಆ ದಿನ ಅರಸ ಕೇಳಿದ್ದು ತಾಟಿನಿಂಗು, ಬೇಸಗೆಯ ಎಳೆ ತಾಳೆಹಣ್ಣು. ಮಧ್ಯಾಹ್ನ ಅದು ಬಂದದ್ದು ಕೊಪ್ಪರಿಗೆಯಲ್ಲಿ. ಮದುವೆ ಮನೆಯಲ್ಲಿ ಸಾರು ಕಾಯಿಸುವಂಥ ಕೊಪ್ಪರಿಗೆ. ಕಿಂಡಿ ಬಾಗಿಲಿನಷ್ಟಾಗಿತ್ತು. ಆಚೆ ಏನೂ ಕಾಣುತ್ತಿರಲಿಲ್ಲ, ಬಿಸಿಲು ಮಾತ್ರ. ಹಳದಿ ಬಿಸಿಲು. ಆ ಬಿಸಿಲಿನಿಂದ ಕೈ ಚಾಚಿಕೊಂಡಿತ್ತು. ಎಳನೀರಿನ ಬಣ್ಣದ ಹಣ್ಣುಗಳನ್ನೆಲ್ಲ ಅರಸ ನುಂಗಿ ಮುಗಿಸಿದ. ಕೈ ಇನ್ನೂ ಅಲ್ಲೇ ಇತ್ತು. ಬೆರಳಿನಿಂದ ಕಲ್ಲಿನ ಮೇಲೆ ಟಕ್ ಟಕ್ ಬಡಿಯುತ್ತಿತ್ತು.

"ಏನಿದೆಯೇ ಕೊಡೋಕೆ?" ಅಂದಳು ಅತ್ತೆ.

"ಅಕ್ಕಿ ಬಿಟ್ರೆ ಏನೂ ಇಲ್ಲ, ಅತ್ತೆ. ಅದನ್ನ ಕೊಟ್ರೆ ಊರೇ ಉಪವಾಸ."

"ಡಬ್ಬಿಯ ತಳದಲ್ಲಿ?"

"ತಳವೇ ಇದೆ. ಮೇಲೆ ಏನೂ ಇಲ್ಲ."

ಟಕ್ ಟಕ್. ಕೊಪ್ಪರಿಗೆ ತಾನಾಗಿಯೇ ಸ್ವಲ್ಪ ಚನ್ನಾಜಮ್ಮನ ಕಡೆ ಜರುಗಿತು.

ದೇವೀರಮ್ಮ ಎಲೆಯಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೀರೆ ನೆರಿಗೆ ಎತ್ತಿ ಹಿಡಿದು ಕೊಪ್ಪರಿಗೆಯೊಳಗೆ ಇಳಿದು ಚಕ್ಕಂಬಟ್ಟಲು ಹಾಕಿ ಕೂತಳು.

"ಅತ್ತೆ! ಏಳಿ! ನೀವೇನು ತರಕಾರಿಯೇ?"

"ನಾನು ಹುಟ್ಟಿದ್ದು ಪುಷ್ಯ ಮಾಸದಲ್ಲಿ. ಅವರೆಕಾಯಿ ಜೊತೆಗೆ ಬಂದವಳು. ಈ ಕಾಲದ್ದು ಅಂತ ಊರಲ್ಲಿ ಉಳಿದಿರೋದು ನಾನೊಬ್ಬಳೇ."

"ನಾನು ಬಿಡಲ್ಲ."

"ಸುಮ್ನಿರೇ. ದಿನಾ ನಿನ್ನ ಸಾರು ಉಂಡು ಬದುಕಿದೋಳು ನಾನು. ಅಲ್ಲಿ ಇದಕ್ಕಿಂತ ಕಷ್ಟ ಏನಿರುತ್ತೆ?"

ಕೈ ಕೊಪ್ಪರಿಗೆಯ ಹಿಡಿ ಹಿಡಿದು ಎಳೆಯಿತು. ಚನ್ನಾಜಮ್ಮ ಅತ್ತೆಯ ಸೆರಗು ಹಿಡಿದಳು. ಸೆರಗು ಬೆರಳುಗಳ ನಡುವೆ ಹಿಟ್ಟಿನ ಹಾಗೆ ಜಾರಿತು. ಬಿಸಿಲು ಮುಚ್ಚಿಕೊಂಡಿತು. ಗೋಡೆ ಗೋಡೆಯಾಯಿತು.

ಮರುದಿನ ಮಧ್ಯಾಹ್ನ ಅವಳು ಗೋಡೆಗೆ ಕಿವಿಯಿಟ್ಟು ಕೂತಳು. ಸದ್ದಿಲ್ಲ. ಯಾಕೆ ಇರುತ್ತದೆ ಹೇಳಿ? ಅವರ ಪಾತ್ರೆ ಅವರಿಗೆ ಸೇರಿತು, ತುಂಬಿಯೇ ಸೇರಿತು. ಅವರಿಗೆ ಇನ್ನೇನು ಕೆಲಸ ಇಲ್ಲಿ?

ಅರಸ ಬಂದು, "ಹಣ್ಣೆಲ್ಲಿ?" ಅಂದ.

"ನನ್ನತ್ತೆ ಹೋದಳು, ಮಹಾಸ್ವಾಮಿ."

"ನಿನಗೆಲ್ಲಿದ್ದಳು ಅತ್ತೆ?" ಅಂದ ಅರಸ. ಸುಳ್ಳು ಹೇಳುವವನ ಮುಖವಾಗಿರಲಿಲ್ಲ ಅದು.

ಪೇಟೆಯಲ್ಲಿ ಸಿದ್ದವ್ವನೂ ಅದನ್ನೇ ಅಂದಳು. "ನೀನು ಮೊದಲಿನಿಂದ ಒಂಟಿಯಲ್ವಾ, ತಾಯಿ?" ಚನ್ನಾಜಮ್ಮ ಜೋರಾಗಿ ಹೇಳಿಕೊಂಡಳು: ನನ್ನತ್ತೆ ದೇವೀರಮ್ಮ, ಮೂಗುತಿ ಎಡಕ್ಕೆ. ದಾರಿಯುದ್ದಕ್ಕೂ ಹೇಳಿಕೊಂಡಳು. ಅಡುಗೆಮನೆ ತಲುಪುವಷ್ಟರಲ್ಲಿ ಮೂಗುತಿ ಎಡಕ್ಕೋ ಬಲಕ್ಕೋ ತಿಳಿಯಲಿಲ್ಲ. ಬೆಳಿಗ್ಗೆ ಏಳುವಷ್ಟರಲ್ಲಿ ಹೆಸರಿನ ಮೊದಲಕ್ಷರ ಮಾತ್ರ ನಾಲಿಗೆಯ ಮೇಲಿತ್ತು. ಒಲೆಯ ಮುಂದೆ ಎರಡು ಮಣೆ ಇದ್ದವು. ಯಾಕೆ ಎರಡು? ಅವಳು ಎರಡನೆಯ ಮಣೆಯ ಮೇಲೆ ಕೈಯಾಡಿಸಿದಳು. ಅದರ ನಡುವೆ ಯಾರೋ ಕೂತು ಕೂತು ನುಣ್ಣಗಾಗಿತ್ತು.

ಹೊಟ್ಟೆ ಹಸಿಯಿತು. ಬರೀ ಅನ್ನ. ಅಟ್ಟದ ಮೇಲೆ ಒಂದು ಜಾಡಿ ಕಂಡಿತು. ಯಾರದ್ದೋ ಏನೋ ಅಂದುಕೊಂಡು ಏಣಿ ಹತ್ತಿ ಕೈ ಚಾಚಿದಳು. ಕೈ ಗಕ್ಕನೆ ಹಿಂದಕ್ಕೆ ಬಂತು. ಮತ್ತೆ ಚಾಚಿದಳು. ಮತ್ತೆ ಹಿಂದಕ್ಕೆ ಬಂತು. ಮಣಿಕಟ್ಟಿನ ಮೇಲೆ ಚುರುಕ್ ಅಂದಿತು, ಸೌಟಿನ ಏಟು ಬಿದ್ದ ಹಾಗೆ.

"ಅತ್ತೆ!" ಅಂದಳು ಚನ್ನಾಜಮ್ಮ. ತಲೆ ಮರೆತದ್ದನ್ನು ಮಣಿಕಟ್ಟು ಇಟ್ಟುಕೊಂಡಿತ್ತು.

ಅವಳು ಏಣಿಯ ಮೇಲೇ ಕೂತು ಯೋಚಿಸಿದಳು. ಅವರ ಪಾತ್ರೆ ಅವರಿಗೆ ಹೋಯಿತು, ಸರಿ. ಈಗ ನನ್ನ ಪಾತ್ರೆ ಅಲ್ಲಿಗೆ ಹೋಗಲಿ. ಅವರು ಮರ್ಯಾದಸ್ಥರು. ಖಾಲಿ ಕಳಿಸಲಾರರು.

ಕಳಿಸುವುದಕ್ಕೆ ಏನಿದೆ? ಜಾಡಿಯಿದೆ. ಹೋದ ಬೇಸಗೆಯ ಮಾವಿನ ಮಿಡಿ ಅದರಲ್ಲಿ ಉಪ್ಪು ಖಾರ ಹೊದ್ದು ಮಲಗಿದೆ. ಯಾವ ಕಾಲ ಬಂದರೂ ಹೋದರೂ ಅದಕ್ಕೆ ಲೆಕ್ಕವಿಲ್ಲ. ಅವಳು ಜಾಡಿ ಇಳಿಸಿದಳು. ಆಮೇಲೆ, ಹೇಳಲು ನನಗೇ ಭಯವಾಗುತ್ತದೆ, ಬಾನಿಯಲ್ಲಿ ಕೈ ಅದ್ದಿದಳು. ತೊಟ್ಟಿಕ್ಕುವ ಒದ್ದೆ ಕೈಯನ್ನು ಉಪ್ಪಿನಕಾಯಿ ಜಾಡಿಯೊಳಗೆ ಹಾಕಿದಳು. ನಿಮ್ಮಲ್ಲಿ ಉಪ್ಪಿನಕಾಯಿ ಹಾಕುವವರಿದ್ದರೆ ಈಗ ಕಣ್ಣು ಮುಚ್ಚಿಕೊಂಡಿರುತ್ತೀರಿ. ಹಾಗೆ ಮುಟ್ಟಿದ ಜಾಡಿ ಬೂಸಲು ಹಿಡಿಯದೆ ಬಿಡುವುದಿಲ್ಲ. ಅವಳು ಬೇಕೆಂದೇ ಮುಟ್ಟಿದಳು. ತನ್ನ ಊಟದ ಗಿಣ್ಣಲಿಗೆ ಮಿಡಿ ತುಂಬಿ, ಗೋಡೆಯ ಮುಂದೆ ನಿಂತು ಟಕ್ ಟಕ್ ಬಡಿದಳು.

ಕಿಂಡಿ ಬೆರಳಗಲ ತೆರೆಯಿತು. ಹಿಂದೆಮುಂದೆ ನೋಡಿ ಇನ್ನಷ್ಟು ತೆರೆಯಿತು. ಕೈ ಬಂತು.

"ಅಕ್ಕಾ, ಇದು ಯಾವ ಕಾಲದ್ದು?"

"ನಿಮ್ಮದೂ ಅಲ್ಲ, ನಮ್ಮದೂ ಅಲ್ಲ. ತಗೊಳ್ಳಿ. ಗಿಣ್ಣಲು ನನ್ನದು. ನೆನಪಿರಲಿ."

ಕೈ ಒಳಗೆ ಹೋಯಿತು. ಆಚೆ ಗುಜುಗುಜು ಕೇಳಿತು. ಒಬ್ಬರದ್ದಲ್ಲ, ಒಂದು ಊರಿನದ್ದು. ಎಲ್ಲರೂ ಒಟ್ಟಿಗೆ ಚೀಪುವ ಸದ್ದು. ಎಲ್ಲರೂ ಒಟ್ಟಿಗೆ ಸ್ಸ್ ಅಂದರು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತು ಎಷ್ಟು ಉದ್ದವಿತ್ತೆಂದರೆ ಚನ್ನಾಜಮ್ಮನಿಗೆ ತಾನು ಯಾರಿಗಾಗಿ ಕಾಯುತ್ತಿದ್ದೇನೆ ಎಂಬುದೇ ಮತ್ತೆ ಮಸುಕಾಗತೊಡಗಿತು.

ಅಷ್ಟರಲ್ಲಿ ಗೋಡೆ ನಡುಗುವ ಹಾಗೆ ಒಂದು ಕೂಗು.

"ಯಾವಳೇ ಅವಳು? ನನ್ನ ಜಾಡಿಗೆ ಒದ್ದೆ ಕೈ ಹಾಕಿದೋಳು?"

ಗಿಣ್ಣಲು ಹೊರಗೆ ಬಂತು. ಅದರೊಳಗೆ ದೇವೀರಮ್ಮ. ಅಷ್ಟು ಚಿಕ್ಕ ಗಿಣ್ಣಲಲ್ಲಿ ಅತ್ತೆ ಹೇಗೆ ಹಿಡಿಸಿದಳು ಅಂತ ಕೇಳಬೇಡಿ. ಸಿಟ್ಟು ಬಂದವರು ಎಲ್ಲಿ ಬೇಕಾದರೂ ಹಿಡಿಸುತ್ತಾರೆ. ಮಡಿಲ ತುಂಬ ಅವರೆಕಾಯಿ, ಮೆಂತ್ಯಸೊಪ್ಪು, ಕಂಕುಳಲ್ಲಿ ಕಂಬಳಿಯ ಗಂಟು. "ಯಾರಿಗೂ ಅವರೆಯ ಸೊಗಡು ಗೊತ್ತಿಲ್ಲ ಅಲ್ಲಿ. ನೆರಳಿಗೆ ಹಾಕಿ ಒಣಗಿಸ್ತಿದ್ರು. ಕಿತ್ಕೊಂಡು ಬಂದೆ" ಅಂದಳು. ಗಂಟು ಬಿಚ್ಚಿದಳು. ಊರಿಗೆ ಚಳಿ ಹಬ್ಬಿತು. ಬೀದಿಯಲ್ಲಿ ಜನ ಶಾಲು ಹೊದ್ದುಕೊಂಡರು. ಗುಬ್ಬಚ್ಚಿಗಳು ಕಡ್ಡಿ ಬಿಸಾಡಿದವು.

ಚನ್ನಾಜಮ್ಮ ಅತ್ತೆಯ ಮೂಗು ನೋಡಿದಳು. ಮೂಗುತಿ ಬಲಕ್ಕಿತ್ತು. ಮೊದಲು ಎಡಕ್ಕಿತ್ತೋ ಏನೋ. ಅವಳು ಕೇಳಲಿಲ್ಲ.

"ಹಣ್ಣು?" ಅಂದ ಅರಸ, ಬಾಗಿಲಲ್ಲಿ ನಿಂತು.

"ಆಚೆ ಮರದಲ್ಲೇ ತೂಗ್ತಿವೆ, ಮಹಾಸ್ವಾಮಿ" ಅಂದಳು ದೇವೀರಮ್ಮ. "ಕಿಂಡಿ ಇನ್ನೂ ಮುಚ್ಚಿಲ್ಲ. ವಾಸನೆ ನೋಡಿ."

ಅರಸ ಕಿಂಡಿಯೊಳಗೆ ಮೂಗು ಇಟ್ಟ. ಆಮೇಲೆ ತಲೆ ಇಟ್ಟ. "ಆಹಾ" ಅಂದ. ಭುಜ ಹೋಯಿತು, ಹೊಟ್ಟೆ ಹೋಯಿತು, ಜರಿಯ ಜೋಡು ಒಂದು ಈಚೆಗೆ ಬಿತ್ತು. ಗೋಡೆ ಗೋಡೆಯಾಯಿತು.

ಸಂಜೆಗೆ ಊರಲ್ಲಿ ಯಾರಿಗೂ ಅರಸ ಅಂದರೆ ಏನೆಂದು ತಿಳಿಯದು. ದೊಡ್ಡ ಮನೆಯ ನಡುವೆ ಚಿನ್ನದ ಒಂದು ಮಣೆ ಇತ್ತು, ಒಳ್ಳೆ ಬಿಸಿಲು ಬೀಳುತ್ತಿತ್ತು. ಅದರ ಮೇಲೆ ಸಂಡಿಗೆ ಒಣಗಿಸಿದರು.

ಬಹಳ ದಿನಗಳ ಮೇಲೆ, ಮಟಮಟ ಮಧ್ಯಾಹ್ನ, ಗೋಡೆ ಮತ್ತೆ ಟಕ್ ಟಕ್ ಅಂದಿತು. ಬಳೆಯ ಕೈ ಬಂತು. ಕೈಯಲ್ಲಿ ಮುಚ್ಚಳ ಮುಚ್ಚಿದ ಬೋಗುಣಿ. ಮುಚ್ಚಳದ ಸಂದಿನಿಂದ ಹಲಸಿನಂಥ, ಹಲಸಲ್ಲದಂಥ ಸಿಹಿ ವಾಸನೆ. ಸಂದಿನಲ್ಲಿ ಜರಿಯ ಒಂದು ಎಳೆ ಸಿಕ್ಕಿಕೊಂಡಿತ್ತು.

"ಅಕ್ಕಾ" ಅಂದಿತು ದನಿ. "ನಿಮ್ಮ ಕಡೆಯದು. ಈಗ ಹಣ್ಣಾಗಿದೆ."

ಅತ್ತೆ ಸೊಸೆಯ ಮುಖ ನೋಡಿದಳು. ಸೊಸೆ ಅತ್ತೆಯ ಮುಖ ನೋಡಿದಳು. ಯಾರೂ ಮುಚ್ಚಳ ತೆಗೆಯಲಿಲ್ಲ. ಚನ್ನಾಜಮ್ಮ ಮುಚ್ಚಳದ ಮೇಲೇ ಒಂದು ಎಲೆ ಹಾಸಿ, ಆ ದಿನದ ಪಲ್ಯ ಒಂದು ಹಿಡಿ ಇಟ್ಟು, ಬೋಗುಣಿಯನ್ನು ಹಾಗೆಯೇ ಹಿಂದಕ್ಕೆ ಕೊಟ್ಟಳು.

"ಉಪ್ಪು ಹಾಕಿದ್ಯಾ?" ಅಂದಳು ಅತ್ತೆ.

"ಹಾಕಿದೀನಿ."

"ಸಾಲದು" ಅಂದಳು ಅತ್ತೆ. ಅಂದು, ತನ್ನ ಮಣೆ ಎಳೆದುಕೊಂಡು ಕೂತು, ಇನ್ನೊಂದು ಸೌಟು ಹಾಕಿಸಿಕೊಂಡಳು.

ಕತೆಯ ನೀತಿ: ಪೇಟೆಯಲ್ಲಿ ಏನು ಬಂದಿದೆಯೋ ಅದನ್ನು ತಿನ್ನಿ, ಉಪ್ಪಿನಕಾಯಿಗೆ ಒಣ ಕೈ ಹಾಕಿ. ನನ್ನ ಬೋಗುಣಿ ನಿಮ್ಮ ಮುಂದಿಟ್ಟಿದ್ದೇನೆ, ತಿಂದಿದ್ದೀರಿ. ತೊಳೆದು ಕೊಡಿ. ಖಾಲಿ ಮಾತ್ರ ಕೊಡಬೇಡಿ.