‘ಕೊಡ ಆತು’ ಎಂಬ ಕೂಗು

“ಮತ್ತ ನಡುವ ಬಾಯಿ ಹಾಕಿದಿ ನೋಡು ಯಕ್ಕಾ. ನಮ್ಮತ್ತಿ ಕತಿ ಒಮ್ಮೆರೆ ಪೂರಾ ಹೇಳಾಕ ಬಿಡು.”

ಕಸ್ತೂರಿ ಹೀಗೆ ಗೊಣಗುತ್ತಲೇ ಯಂತ್ರದ ತಿರುಗಣೆಯನ್ನು ಹಿಂದಕ್ಕೆ ತಿರುಗಿಸಿ ಓಟ ಇಳಿಸಿದಳು. ಯಂತ್ರದ ಆ ತುದಿಯಲ್ಲಿದ್ದ ಫಕೀರವ್ವ ನಕ್ಕಳು.

“ನಿಮ್ಮತ್ತಿ ಎಲ್ಲಿ ಹೋಗ್ತಾಳ? ನಾಳಿನೂ ನಿನ್ನ ಕಡೆ ಬೈಸ್ಕೊಳ್ಳಾಕ ಇರ್ತಾಳ. ರೋಲ್ ಕಾಯಂಗಿಲ್ಲ.”

ಹುಬ್ಬಳ್ಳಿಯ ಹೊರಗಿದ್ದ ಆ ಕಾರ್ಖಾನೆಯಲ್ಲಿ ಹಾಲಿನ ಪಾಕೀಟಿಗೆ ಬೇಕಾದ ತೆಳು ಫಿಲ್ಮ್ ಸುತ್ತುತ್ತಿದ್ದರು. ದೊಡ್ಡ ರೋಲಿನಿಂದ ಬಿಚ್ಚಿ, ರಟ್ಟಿನ ಕೊಳವೆಗೆ ಸುತ್ತಿ, ಚಿಕ್ಕ ರೋಲ್ ಮಾಡುವ ಕೆಲಸ. ಸೀರೆ ಮಡಚಿದಷ್ಟೇ ಸುಲಭ ಎಂದುಕೊಳ್ಳಬೇಡಿ. ರೋಲ್ ದಪ್ಪವಾದಂತೆ ಪ್ರತಿ ಸುತ್ತಿಗೂ ಮೊದಲಿಗಿಂತ ಹೆಚ್ಚು ಫಿಲ್ಮ್ ಹಿಡಿಯುತ್ತದೆ. ಕೊಳವೆ ಮೊದಲಿನ ಓಟದಲ್ಲೇ ತಿರುಗುತ್ತಿದ್ದರೆ ಫಿಲ್ಮ್ ಜಗ್ಗಿ ಹಿಗ್ಗುತ್ತದೆ. ಮೇಲಿನ ಸುತ್ತುಗಳು ಒಳಗಿನ ಸುತ್ತುಗಳನ್ನು ಹಿಸುಕಿಬಿಡುತ್ತವೆ. ಅದಕ್ಕೆ ಲೆಕ್ಕವಿದೆ: ರೋಲಿನ ಅಡ್ಡಳತೆ ಎರಡು ಪಟ್ಟಾದರೆ ಕೊಳವೆಯ ಓಟ ಅರ್ಧಕ್ಕೆ ಇಳಿಯಬೇಕು.

ಯಂತ್ರ ಹಳೆಯದು. ತಾನಾಗಿ ಓಟ ಇಳಿಸುವ ಬುದ್ಧಿ ಅದಕ್ಕಿರಲಿಲ್ಲ. ಫಕೀರವ್ವ ರೋಲಿನ ಪಕ್ಕದ ಅಳತೆಪಟ್ಟಿ ನೋಡಿ ಕೂಗಬೇಕು, ಕಸ್ತೂರಿ ಈ ತುದಿಯಲ್ಲಿ ತಿರುಗಣೆ ಇಳಿಸಬೇಕು. ಆ ಗದ್ದಲದಲ್ಲಿ ಅಂಕಿ ಕೂಗಿದರೆ ಒಂದು ಇನ್ನೊಂದರಂತೆ ಕೇಳಿಸುತ್ತಿತ್ತು. ಹಾಗಾಗಿ ಇಬ್ಬರೂ ಅಡಿಗೆಮನೆಯ ಹೆಸರು ಹುಡುಕಿಕೊಂಡಿದ್ದರು. ತಂಬಿಗೆಯಷ್ಟು ದಪ್ಪಕ್ಕೆ ‘ತಂಬಿಗಿ ಆತು’. ಅದರ ಎರಡರಷ್ಟಕ್ಕೆ ‘ಕೊಡ ಆತು’. ಅದರದೂ ಎರಡರಷ್ಟಕ್ಕೆ ‘ಹಂಡೆ ಆತು’, ಅಲ್ಲಿಗೆ ರೋಲ್ ಮುಗಿಯಿತು.

ಕಸ್ತೂರಿಯ ಕತೆ ಮಾತ್ರ ಯಾವಾಗಲೂ ‘ಕೊಡ ಆತು’ ಎಂಬ ಕೂಗಿಗೇ ತುಂಡಾಗುತ್ತಿತ್ತು. “ನನ್ನ ಹೆಣದ ಮುಂದ ನಿಂತ್ರೂ ನೀ ಕೊಡ ಆತು ಅಂತಿ,” ಎಂದು ಚುಚ್ಚುವಳು. ಫಕೀರವ್ವ ಸಿಟ್ಟಾದವಳಲ್ಲ. ಊಟಕ್ಕೆ ಕೂತಾಗ ತನ್ನ ಬುತ್ತಿಯ ಶೇಂಗಾ ಚಟ್ನಿಯನ್ನು ಅವಳ ರೊಟ್ಟಿಯ ಮೇಲೆ ಸುರಿದು, “ಈಗ ಹೇಳು, ನಿಮ್ಮತ್ತಿ ಏನಂದ್ಲು?” ಎನ್ನುವಳು.

ಕಸ್ತೂರಿಗೆ ಮೂರು ವರ್ಷದ ಮಗಳು. ಅಂಗನವಾಡಿ ಬಿಟ್ಟ ಮೇಲೆ ಉಳಿದ ಮಕ್ಕಳನ್ನು ಮನೆಯವರು ಕರೆದೊಯ್ಯುವರು, ಇವಳ ಮಗಳು ಚೀಲ ಅಪ್ಪಿಕೊಂಡು ಹೊಸ್ತಿಲ ಮೇಲೆ ಕೂತಿರುವಳು. “ನಾಳಿಂದ ತಡ ಆದ್ರ ಕೀಲಿ ಹಾಕ್ಕೊಂಡು ಹೋಗ್ತೇನಿ,” ಎಂದು ಟೀಚರು ಹಿಂದಿನ ದಿನವಷ್ಟೇ ಹೇಳಿದ್ದರು.

ಅಂದು ಕೊನೆಯ ರೋಲ್ ಅರ್ಧಕ್ಕೆ ಬಂದಿತ್ತು. ಬಸ್ಸಿನ ಹೊತ್ತಾಗುತ್ತಿತ್ತು.

“ಕೊಡ ಆತು,” ಫಕೀರವ್ವ ಕೂಗಿದಳು.

ಕಸ್ತೂರಿಯ ಕೈ ತಿರುಗಣೆಯ ಮೇಲೇ ಇತ್ತು. ಇಳಿಸಿದರೆ ಬಸ್ಸು ತಪ್ಪುತ್ತದೆ. ಒಂದು ರೋಲಿಗೆ ಏನಾಗುತ್ತದೆ ಎಂದುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದಳು.

“ಕಸ್ತೂರಿ, ಕೊಡ ಆತ ಕೊಡ.”

ಅದೂ ಕೇಳಿಸಿತು. ಕಸ್ತೂರಿ ಕದಲಲಿಲ್ಲ. ಫಿಲ್ಮಿನ ಅಂಚು ಸರಿಯದಂತೆ ಹಿಡಿದು ನಿಂತಿದ್ದ ಫಕೀರವ್ವ ಅದನ್ನು ಬಿಟ್ಟು ಈ ಕಡೆ ಬರುವಂತಿರಲಿಲ್ಲ.

ರೋಲ್ ಬೇಗನೇ ಮುಗಿಯಿತು. ನೋಡಲು ಎಷ್ಟು ಚೆಂದ ಅಂತೀರಿ, ಬಿಗಿಯಾಗಿ ಫಳಫಳ ಹೊಳೆಯುತ್ತಿತ್ತು. ಕಸ್ತೂರಿ ಅದರ ಮೇಲೊಂದು ಏಟು ಹಾಕಿ, “ನೋಡು ಯಕ್ಕಾ, ಹೆಂಗ ತಬಲಾ ಆಗೇತಿ,” ಎಂದಳು.

“ಅಲ್ಲ, ನಾ ಕೂಗಿದ್ನಲ್ಲ...” ಎಂದು ಫಕೀರವ್ವ ಶುರುಮಾಡುವಷ್ಟರಲ್ಲಿ ಕಸ್ತೂರಿ ಗೇಟು ದಾಟಿದ್ದಳು.

ವಾರ ಕಳೆಯುವುದರೊಳಗೆ ಆ ರೋಲ್ ಡೇರಿಯಿಂದ ವಾಪಸು ಬಂತು. ಹಿಗ್ಗಿ ತೆಳುವಾದ ಫಿಲ್ಮಿನ ಪಾಕೀಟುಗಳು ಒಡೆದು ಹಾಲೆಲ್ಲ ನೆಲದ ಪಾಲಾಗಿತ್ತು. ಒಳಗಿನ ಸುತ್ತುಗಳಂತೂ ಮುದುಡಿ ಬಳಸುವ ಹಾಗೇ ಇರಲಿಲ್ಲ. ಕಾರ್ಖಾನೆಯ ಸಾಹುಕಾರರು ಇಬ್ಬರನ್ನೂ ಕರೆದರು.

“ಫಕೀರವ್ವಾ, ಕೊಡಕ್ಕ ಕೂಗಿದ್ಯೇನು?”

“ಕೂಗೀನ್ರಿ. ಎರಡ ಸಲ ಕೂಗೀನಿ.”

“ಕಸ್ತೂರಿ, ನಿನಗ ಕೇಳಿಸ್ತೇನು?”

ಫಕೀರವ್ವ ಅವಳ ಕಡೆ ತಿರುಗಿದಳು. ಫಕೀರವ್ವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಕಸ್ತೂರಿ ಏನು ಹೇಳುತ್ತಾಳೆಂದು ಅವಳಿಗೆ ಗೊತ್ತಿತ್ತು, ಅಥವಾ ಹಾಗೆಂದುಕೊಂಡಿದ್ದಳು.

ಕಸ್ತೂರಿ ನೆಲ ನೋಡುತ್ತ, “ಇಲ್ರಿ,” ಎಂದಳು.

“ಹಂಗಂದ್ರ ನಿನ್ನ ದನಿ ಹೋತು ಬೇ,” ಎಂದರು ಸಾಹುಕಾರರು ಫಕೀರವ್ವನಿಗೆ. “ಕೂಗೂದ ನಿನ್ನ ಕೆಲಸ. ಅದ ಮುಟ್ಟಲಿಲ್ಲಂದ್ರ ನಾ ಏನ್ ಮಾಡ್ಲಿ? ನಾಳಿಂದ ಬರಬ್ಯಾಡ.”

ಫಕೀರವ್ವ ತನ್ನ ಗಂಟಲನ್ನೊಮ್ಮೆ ಮುಟ್ಟಿ ನೋಡಿಕೊಂಡು, ಬುತ್ತಿ ಎತ್ತಿಕೊಂಡು ಹೋದಳು.

ಅವಳ ಜಾಗಕ್ಕೆ ಹೊಸ ಯಂತ್ರ ಬಂತು. ಅದು ಅಡ್ಡಳತೆಯನ್ನು ತಾನೇ ಲೆಕ್ಕ ಹಾಕಿ, ತಾನೇ ಓಟ ಇಳಿಸುತ್ತದೆ. ಕೂಗುವವರು ಬೇಡ. ಈಗ ಕಸ್ತೂರಿ ಅತ್ತೆಯ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಬಹುದು. ನಡುವೆ ಬಾಯಿ ಹಾಕುವವರಿಲ್ಲ, ಕೇಳುವವರೂ ಇಲ್ಲ. ಊಟದ ಹೊತ್ತಿಗೆ ಒಣ ರೊಟ್ಟಿ ಮುರಿದುಕೊಂಡು ಕೂರುತ್ತಾಳೆ.

ಒಂದು ದಿನ ಹಿಟ್ಟಿನ ಗಿರಣಿಯಲ್ಲಿ ಫಕೀರವ್ವ ಎದುರಾದಳು. ಕಸ್ತೂರಿ ತಪ್ಪಿಸಿಕೊಳ್ಳಬೇಕೆನ್ನುವಷ್ಟರಲ್ಲಿ ಅವಳೇ ಬಂದು ಕೈ ಹಿಡಿದಳು.

“ಮಗಳು ಹೆಂಗದಾಳ? ಹೊತ್ತಿಗೆ ಸರಿಯಾಗಿ ಕರ್ಕೊಂಡು ಬರ್ತಿಯಿಲ್ಲೋ?”

ಕಸ್ತೂರಿ ತಲೆಯಾಡಿಸಿದಳು.

“ಗಂಟಲಾ ದವಾಖಾನ್ಯಾಗ ತೋರಿಸಿದೆ. ಏನೂ ಆಗಿಲ್ಲ ಅಂದ್ರು. ಅವರಿಗೇನು ಗೊತ್ತು? ಈಗ ಮನ್ಯಾಗ ಮೊಮ್ಮಕ್ಕಳನ್ನ ಕರೆಯೂ ಮುಂದೂ ನನಗ ಅನುಮಾನ. ಕೇಳಿಸ್ತೋ ಇಲ್ಲೋ ಅಂತ ಎರಡೆರಡ ಸಲ ಕೂಗ್ತೇನಿ. ಮಕ್ಕಳು ನಗ್ತಾವ.”

ಗಿರಣಿ ಗರಗರ ತಿರುಗುತ್ತಿತ್ತು. ಫಕೀರವ್ವ ಮೆಲ್ಲಗೇ ಮಾತಾಡುತ್ತಿದ್ದಳು. ಆದರೂ ಅವಳ ಒಂದೊಂದು ಮಾತೂ ಕಸ್ತೂರಿಗೆ ಬಿಡಿಬಿಡಿಯಾಗಿ ಕೇಳಿಸಿತು.

“ಒಂದ ಮಾತು ಹೇಳು ಕಸ್ತೂರಿ. ಅವತ್ತ ನನ್ನ ದನಿ ಖರೇನ ನಿನಗ ಮುಟ್ಟಲಿಲ್ಲೇನು?”

ಕಸ್ತೂರಿ ಹಿಟ್ಟಿನ ಚೀಲ ಎತ್ತಿಕೊಂಡು, “ಮಗಳನ್ನ ಕರ್ಕೊಂಡು ಬರೂ ಹೊತ್ತಾತು ಯಕ್ಕಾ,” ಎಂದು ಹೊರಬಿದ್ದಳು.

ನೀತಿ: ನಮ್ಮ ಮಾತಿಗೆ ಅಡ್ಡ ಬಂದು ಎಚ್ಚರಿಸುವವರನ್ನು ಕಳೆದುಕೊಳ್ಳಬೇಡಿ. ಕೇಳಿಸಿಯೂ ಕೇಳಿಸಲಿಲ್ಲವೆಂದು ಒಮ್ಮೆ ಹೇಳಿದರೆ, ಒಳ್ಳೆಯವರು ನಮ್ಮ ಮಾತನ್ನು ನಂಬಿ ತಮ್ಮ ದನಿಯನ್ನೇ ಅನುಮಾನಿಸುತ್ತಾರೆ. ಕೆಟ್ಟ ರೋಲನ್ನು ಬಿಸಾಕಿ ಮತ್ತೊಂದು ಸುತ್ತಬಹುದು. ಅವರಿಗೆ ತಮ್ಮ ದನಿಯ ಮೇಲಿನ ನಂಬಿಕೆಯನ್ನು ತಿರುಗಿ ಕೊಡುವುದು ಹೇಗೆ?